ಮೂಟೆ ಎಷ್ಟು ಸಲ ಹೆಗಲಿಗೆ ಬರುತ್ತೆ? ಬೆಂಗಳೂರಿನ ಗೋದಾಮುಗಳ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ನಿಂತ್ಕೊಂಡು ಕೇಳ್ತಿದ್ದೀರಿ ಅಂದ್ಕೋತೀನಿ. ಇವತ್ತಿನ ಇತಿಹಾಸ ಕೋಟೆಯಿಂದ ಶುರುವಾಗಲ್ಲ, ನಮ್ಮನೆ ಹಾಲ್‌ನಿಂದ ಶುರುವಾಗುತ್ತೆ.

ನಮ್ಮಕ್ಕ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಹಾಕ್ತಾಳೆ. ಅಡುಗೆಮನೆ ಮೂಲೆಯ ಎರಡು ಡಬ್ಬದಿಂದ ಶುರುವಾಗಿದ್ದು ಈಗ ಹಾಲ್ ತುಂಬ ಮೂಟೆ. ಬ್ಯಾಡಗಿ ಮೆಣಸಿನಕಾಯಿ, ಧನಿಯ, ಕಡಲೆಬೇಳೆ. ಅಮ್ಮ ಮಲಗೋದು ಅದೇ ಹಾಲ್‌ನಲ್ಲಿ. ರಾತ್ರಿಯೆಲ್ಲ ಕೆಮ್ಮು. ಕೊನೆಗೆ ಡಾಕ್ಟರು, "ಒಂದೋ ಮೆಣಸಿನಕಾಯಿ ಮನೆ ಬಿಡಬೇಕು, ಇಲ್ಲ ನಿಮ್ಮಮ್ಮ ಬಿಡಬೇಕು" ಅಂದ್ರು.

ಹಾಗಾಗಿ ಗೋದಾಮು ಹುಡುಕೋಕೆ ಹೊರಟ್ವಿ. ಭಾವ "ನೆಲಮಂಗಲ" ಅಂದ್ರು, ಬಾಡಿಗೆ ಕಡಿಮೆ ಅಂತ. ಅಕ್ಕ "ತರಗುಪೇಟೆ" ಅಂದ್ಳು, ಸಾಮಾನು ಕೊಳ್ಳೋದೇ ಅಲ್ಲಿ ಅಂತ. ನಾನು ಬಿಕಾಂ ಓದಿದವನು, ಲೆಕ್ಕ ಹಾಕೋ ಕೆಲಸ ನನ್ನ ತಲೆಗೆ ಬಂತು.

ತರಗುಪೇಟೆಯಲ್ಲಿ ಮೊದಲ ಮಹಡಿಯ ಒಂದು ಜಾಗ ನೋಡಿ ಕೆಳಗಿಳಿದ್ವಿ. ಕೈಗಾಡಿ ಪಕ್ಕ ಕೂತಿದ್ದ ವಯಸ್ಸಾದ ಹಮಾಲಿಯೊಬ್ಬರು ಅಕ್ಕನನ್ನ ಕೇಳಿದ್ರು: "ಬಾಡಿಗೆ ಎಷ್ಟು ಅಂತ ಕೇಳಿದ್ರಲ್ಲಮ್ಮ, ಮೂಟೆ ಎಷ್ಟು ಸಲ ಹೆಗಲಿಗೆ ಬರುತ್ತೆ ಅಂತ ಕೇಳಿದ್ರಾ?"

ಕಾಲೇಜಿನ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇತ್ತು ಇದರ ಮೇಲೆ. ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಈ ಒಂದು ಪ್ರಶ್ನೆ ಹಿಡ್ಕೊಂಡು ಬೆಂಗಳೂರನ್ನ ಸುತ್ತೋಣ ಬನ್ನಿ.

ಮೊದಲು ಪೇಟೆ. ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಒಳಗೆ ಪೇಟೆಗಳನ್ನ ಮಾಡಿದ್ರು ಅಂತ ಶಾಲೆಯಲ್ಲೇ ಓದಿದ್ದೀವಿ. ಆದ್ರೆ ಆ ಹೆಸರುಗಳನ್ನ ಒಬ್ಬ ವ್ಯಾಪಾರಿಯ ಕಣ್ಣಲ್ಲಿ ಓದಿ ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಇದು ಒಂದು ದೊಡ್ಡ ಗೋದಾಮಿನ ಕಪಾಟುಗಳಿಗೆ ಚೀಟಿ ಅಂಟಿಸಿದ ಹಾಗೆ ಇದೆ, ಅಲ್ವಾ? ಕೋಟೆಯ ಬಾಗಿಲುಗಳು ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ದಿಕ್ಕಿಗೆ ತೆರೀತಿದ್ವು. ಹಲಸೂರು ಗೇಟ್ ಅನ್ನೋ ಹೆಸರು ಇವತ್ತೂ ಪೊಲೀಸ್ ಠಾಣೆಗೆ ಉಳಿದಿದೆ.

ಆಗ ಸರಕು ಬರ್ತಿದ್ದಿದ್ದು ಹೇರೆತ್ತಿನ ಬೆನ್ನ ಮೇಲೆ. ಎತ್ತಿಗೆ ಓಣಿ ಸಣ್ಣದಾದ್ರೂ ತೊಂದರೆ ಇಲ್ಲ, ಅಂಗಡಿ ಬಾಗಿಲಿಗೇ ಹೋಗಿ ನಿಲ್ಲುತ್ತೆ. ಹೇರು ಇಳಿಸಿದ್ರೆ ಅಲ್ಲೇ ಗೋದಾಮು, ಅಲ್ಲೇ ಮಾರಾಟ. ಮೂಟೆ ಹೆಗಲಿಗೆ ಬಂದಿದ್ದು ಒಂದೇ ಸಲ. ಇವತ್ತು ನಾವು ಬೈಯೋ ಆ ಇಕ್ಕಟ್ಟಿನ ಓಣಿಗಳು ಅವತ್ತಿನ ವಾಹನಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದ್ವು.

ಆದ್ರೆ ಜಾಗ ಎಷ್ಟೇ ಚೆನ್ನಾಗಿದ್ರೂ ಸಾಕಾಗಲ್ಲ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಬೆಂಗಳೂರಿಗೆ ಬಂದಾಗ, ಟಿಪ್ಪು ಕಾಲದಲ್ಲಿ ನೆರೆರಾಜ್ಯಗಳ ಜೊತೆ ವ್ಯಾಪಾರ ನಿಷೇಧವಾಗಿ ಇಲ್ಲಿನ ವ್ಯಾಪಾರಕ್ಕೆ ಹೊಡೆತ ಬಿದ್ದಿದ್ದನ್ನ ದಾಖಲಿಸಿದ. ಪೇಟೆ ಅದೇ, ಓಣಿ ಅದೇ. ಆದ್ರೆ ಗಡಿ ಮುಚ್ಚಿದ್ರೆ ಗೋದಾಮು ಬರೀ ನಾಲ್ಕು ಗೋಡೆ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ತೆರಿಗೆ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಮುಂದೆ ರೈಲು. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬಂದ ರೈಲು ದಂಡು ಪ್ರದೇಶದಲ್ಲಿ, ಅಂದ್ರೆ ಕಂಟೋನ್ಮೆಂಟ್‌ನಲ್ಲಿ ನಿಂತಿತು. ಪೇಟೆ ಇರೋದು ಅಲ್ಲಿಂದ ದೂರ. 1876-78ರ ಭೀಕರ ಬರಗಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ರು. ಬೆಂಗಳೂರಿನ ತನಕ ರೈಲಿತ್ತು, ಅಲ್ಲಿಂದ ಮುಂದಿನ ಹಳ್ಳಿಗಳಿಗೆ ಎತ್ತಿನ ಗಾಡಿಯೇ ಗತಿ. ಎತ್ತಿಗೂ ಮೇವಿಲ್ಲದ ಕಾಲ ಅದು. ಧಾನ್ಯ ಇದ್ರೆ ಸಾಲದು, ಅದು ಹಸಿದವರ ಹತ್ರ ಹೋಗಿ ಸೇರಬೇಕು. ಗೋದಾಮು ಎಲ್ಲಿದೆ ಅನ್ನೋ ಪ್ರಶ್ನೆ ಆಗ ಲಾಭ-ನಷ್ಟದ್ದಾಗಿರಲಿಲ್ಲ, ಜೀವದ್ದಾಗಿತ್ತು. ಬರಪರಿಹಾರದ ಕಾಮಗಾರಿಯಾಗಿ ಮೈಸೂರು ಕಡೆಯ ರೈಲುಮಾರ್ಗದ ಕೆಲಸ ನಡೀತು, 1880ರ ದಶಕದ ಶುರುವಿನಲ್ಲಿ ರೈಲು ಓಡಿತು. ಪೇಟೆಯ ಪಶ್ಚಿಮದ ಅಂಚಲ್ಲೇ ಸಿಟಿ ಸ್ಟೇಷನ್ ಬಂತು. ಅದರ ಬಗಲಲ್ಲೇ ಗೂಡ್ಸ್ ಶೆಡ್ ರಸ್ತೆ. ಅಕ್ಕಿಪೇಟೆ, ಕಾಟನ್‌ಪೇಟೆ ಕಡೆ ಇವತ್ತಿಗೂ ಸಾಲು ಸಾಲು ಸಗಟು ಅಂಗಡಿಗಳು ಯಾಕಿವೆ ಅಂದ್ರೆ, ವ್ಯಾಗನ್‌ನಿಂದ ಇಳಿದ ಮೂಟೆಗೆ ಹತ್ತಿರದ ನೆರಳು ಅದೇ.

ಆದ್ರೆ ರೈಲು ಧಾನ್ಯ ಒಂದನ್ನೇ ತರಲಿಲ್ಲ. 1898ರಲ್ಲಿ ಪ್ಲೇಗ್ ರೈಲು ಹತ್ತಿ ಬಂತು. ಪೇಟೆಯ ಮನೆಗಳು ಹೇಗಿದ್ವು ನೆನಪಿಸ್ಕೊಳ್ಳಿ. ಮುಂದೆ ಅಂಗಡಿ, ಹಿಂದೆ ಮೂಟೆ, ಮೇಲೆ ಸಂಸಾರ. ಮೂಟೆ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಚಿಗಟ. ಇಲಿಯ ಚಿಗಟದಿಂದ ಪ್ಲೇಗ್ ಹರಡುತ್ತೆ ಅಂತ ಪಾಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡಿದ್ದೂ ಅದೇ 1898ರಲ್ಲೇ. ಲೋಕ ಅದನ್ನ ಒಪ್ಪೋಕೆ ಇನ್ನೂ ಕೆಲವು ವರ್ಷ ಹಿಡೀತು. ಅಷ್ಟರಲ್ಲಿ ಪೇಟೆಯಿಂದ ಜನ ಓಡಿಹೋಗಿದ್ರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಿದ್ದು ಆಗ. ಅಗಲ ರಸ್ತೆ, ಗಾಳಿ ಆಡೋ ಮನೆ. ಶಕ್ತಿ ಇದ್ದವರು ಸಂಸಾರವನ್ನ ಮೂಟೆಯಿಂದ ಬೇರೆ ಮಾಡಿದ್ರು. ಇದನ್ನ ಓದ್ತಾ ನನಗೆ ನಮ್ಮ ಹಾಲ್ ನೆನಪಾಯ್ತು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಆದ್ಮೇಲೂ ನಮ್ಮಮ್ಮ ಮೂಟೆ ಪಕ್ಕದಲ್ಲೇ ಮಲಗ್ತಿದ್ದಾರೆ.

ಆಮೇಲೆ ಲಾರಿ ಬಂತು, ಲೆಕ್ಕ ತಲೆಕೆಳಗಾಯ್ತು. ಎತ್ತಿಗೆ ಹೊಲಿಸಿದ ಓಣಿಗೆ ಲಾರಿ ಹೇಗೆ ನುಗ್ಗುತ್ತೆ? ಲಾರಿಯಿಂದ ಟೆಂಪೋ, ಟೆಂಪೋದಿಂದ ಕೈಗಾಡಿ, ಕೈಗಾಡಿಯಿಂದ ಮೆಟ್ಟಿಲು. ಒಂದೇ ಸಲ ಹೆಗಲಿಗೆ ಬರ್ತಿದ್ದ ಮೂಟೆ ಮೂರು ನಾಲ್ಕು ಸಲ ಬರೋಕೆ ಶುರುವಾಯ್ತು. 1966ರ ಎಪಿಎಂಸಿ ಕಾಯ್ದೆಯ ನಂತರ ದವಸದ ದೊಡ್ಡ ವ್ಯಾಪಾರ ಕ್ರಮೇಣ ತುಮಕೂರು ರಸ್ತೆ ಪಕ್ಕದ ಯಶವಂತಪುರ ಯಾರ್ಡ್ ಕಡೆ ಸರೀತು. 1970ರ ದಶಕದಲ್ಲಿ ಅದೇ ರಸ್ತೆಯಲ್ಲಿ ಪೀಣ್ಯ ಬೆಳೀತು. ಆದ್ರೆ ತರಗುಪೇಟೆ ಖಾಲಿಯಾಗಲಿಲ್ಲ. ಯಾಕಂದ್ರೆ ಲಾರಿ ತುಂಬ ಕೊಳ್ಳೋರು ಯಶವಂತಪುರಕ್ಕೆ ಹೋದ್ರೂ, ಹತ್ತು ಮೂಟೆ ಕೊಳ್ಳೋರು ಇಲ್ಲೇ ಉಳಿದ್ರು. ಸಾಲಕ್ಕೆ ಕೊಡೋ ಮಂಡಿ, ಮುಖ ನೋಡಿ ನಂಬೋ ಸಾಹುಕಾರ, ಇವೆಲ್ಲ ಅಷ್ಟು ಬೇಗ ಜಾಗ ಬದಲಾಯಿಸಲ್ಲ.

ಈಗ ತೆರಿಗೆ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತ ಒಂದು ಏರಿಯಾ ಇದೆ. ಬಸ್ ಬೋರ್ಡ್‌ನಲ್ಲಿ ಸಾವಿರ ಸಲ ಓದಿರ್ತೀರಿ. ಸುಂಕ ವಸೂಲಿ ಮಾಡೋ ಕಟ್ಟೆ, ಹೆಸರೇ ಹೇಳುತ್ತೆ. ಊರೊಳಗೆ ಬರೋ ಸರಕಿಗೆ ಆಕ್ಟ್ರಾಯ್ ಕಟ್ಟೋ ಪದ್ಧತಿ ತುಂಬ ಕಾಲ ನಡೀತು. ಕರ್ನಾಟಕದಲ್ಲಿ 1979ರಲ್ಲಿ ಅದು ಹೋಗಿ ಪ್ರವೇಶ ತೆರಿಗೆ ಬಂತು. ಅದರ ಜೊತೆ ರಾಜ್ಯದಿಂದ ರಾಜ್ಯಕ್ಕೆ ಮಾರಿದ್ರೆ ಕೇಂದ್ರ ಮಾರಾಟ ತೆರಿಗೆ. ಅದನ್ನ ತಪ್ಪಿಸೋಕೆ ದೊಡ್ಡ ಕಂಪನಿಗಳು ರಾಜ್ಯಕ್ಕೊಂದು ಗೋದಾಮು ಇಟ್ಟು, ಮಾರಾಟ ಅನ್ನದೆ ಸ್ಟಾಕ್ ವರ್ಗಾವಣೆ ಅಂತ ತೋರಿಸ್ತಿದ್ವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಆ ಕಾರಣ ಬಿದ್ದುಹೋಯ್ತು. ಸಣ್ಣ ಸಣ್ಣ ಹತ್ತು ಗೋದಾಮಿನ ಬದಲು ಹೆದ್ದಾರಿ ಪಕ್ಕ ದೊಡ್ಡದೊಂದು ಸಾಕು. ಪುಣೆ ಕಡೆಯ ರಸ್ತೆ, ಮಂಗಳೂರು ಕಡೆಯ ರಸ್ತೆ ಎರಡೂ ಕವಲೊಡೆಯೋ ನೆಲಮಂಗಲದ ಸುತ್ತ ಎತ್ತರದ ತಗಡಿನ ಶೆಡ್‌ಗಳು ಎದ್ದಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ತಮಾಷೆ ಏನಂದ್ರೆ, ಅದೇ ಹೊತ್ತಲ್ಲಿ ಗೋದಾಮು ವಾಪಸ್ ಊರೊಳಗೂ ಬಂತು. ಹತ್ತು ನಿಮಿಷಕ್ಕೆ ಹಾಲು ತಂದುಕೊಡೋ ಆ್ಯಪ್‌ಗಳ ಡಾರ್ಕ್ ಸ್ಟೋರ್ ನಿಮ್ಮ ಬೀದಿ ಹಿಂದೆಯೇ ಇರುತ್ತೆ. ಆಗ ಎತ್ತು, ಈಗ ಸ್ಕೂಟರು. ಸಣ್ಣ ವಾಹನಕ್ಕೆ ಸಣ್ಣ ಓಣಿ ಮತ್ತೆ ಲಾಭ.

ಸರಿ, ನಮ್ಮಕ್ಕನ ಲೆಕ್ಕಕ್ಕೆ ಬರೋಣ. ಹಮಾಲಿ ಕೇಳಿದ ಪ್ರಶ್ನೆಯನ್ನ ಒಂದು ಹಾಳೆ ಮೇಲೆ ಬರೆದ್ವಿ.

ತರಗುಪೇಟೆ ಮಹಡಿ: ಮಂಡಿಯಿಂದ ಕೈಗಾಡಿಗೆ, ಕೈಗಾಡಿಯಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ, ಅಲ್ಲಿಂದ ಟೆಂಪೋಗೆ, ಟೆಂಪೋದಿಂದ ಮಿಲ್‌ಗೆ. ಐದು ಸಲ.

ನೆಲಮಂಗಲ: ಬ್ಯಾಡಗಿಯಿಂದ ಲಾರಿ ತುಂಬ ತರಿಸಿದ್ರೆ ಮೂರೇ ಸಲ. ಆದ್ರೆ ಲಾರಿ ತುಂಬ ತರಿಸೋ ದುಡ್ಡು ಅಕ್ಕನ ಹತ್ರ ಇಲ್ಲ. ಊರೊಳಗೆ ಹತ್ತು ಮೂಟೆ ಕೊಂಡು, ಸುಮಾರು 25 ಕಿಲೋಮೀಟರ್ ಆಚೆ ಇಟ್ಟು, ಬೀಸೋಕೆ ಮತ್ತೆ ವಾಪಸ್ ತರೋದು. ಕಡಿಮೆ ಬಾಡಿಗೆ ಡೀಸೆಲ್‌ಗೆ ಹೋಗುತ್ತೆ. ಅದು ದೊಡ್ಡವರಿಗೆ ಸರಿಯಾದ ಜಾಗ, ನಮಗಲ್ಲ.

ಮೂರನೇದು ಸುಂಕದಕಟ್ಟೆ ಹತ್ರ ನೆಲಮಟ್ಟದ ಒಂದು ಸಣ್ಣ ಶೆಡ್. ಟೆಂಪೋ ಬಾಗಿಲಿಗೇ ಬರುತ್ತೆ, ಎರಡು ಬಾಗಿಲಾಚೆ ಮೆಣಸಿನಕಾಯಿ ಬೀಸೋ ಮಿಲ್ಲು. ಅಂಗಡಿಗಳೆಲ್ಲ ರಾಜಾಜಿನಗರ, ವಿಜಯನಗರದಲ್ಲೇ. ಹೆಗಲಿಗೆ ಎರಡೇ ಸಲ.

ಅದನ್ನೇ ಹಿಡಿದ್ವಿ. ಕೇಳ್ತಿರೋರಲ್ಲಿ ಯಾರಾದ್ರೂ ಹೀಗೇ ಹುಡುಕ್ತಿದ್ರೆ ಒಂದು ಮಾತು: ಅಗ್ರಿಮೆಂಟ್ ಆದ ಮೇಲೆ ಆ ವಿಳಾಸವನ್ನ ನಿಮ್ಮ ಜಿಎಸ್‌ಟಿ ನೋಂದಣಿಗೆ ಹೆಚ್ಚುವರಿ ವ್ಯಾಪಾರ ಸ್ಥಳವಾಗಿ ಸೇರಿಸೋದು ಮರೀಬೇಡಿ. ಸುಂಕದವರು ಕಟ್ಟೆ ಬಿಟ್ಟು ಫೋನಿಗೆ ಬಂದಿದ್ದಾರೆ ಅಷ್ಟೇ.

ಹೋದ ವಾರ ತರಗುಪೇಟೆಯಲ್ಲಿ ಧನಿಯ ಕೊಂಡ್ವಿ. ಟೆಂಪೋಗೆ ಮೂಟೆ ಹಾಕಿದ್ದು ಅದೇ ಹಮಾಲಿ. ಅಕ್ಕ ಜಾಗ ಸಿಕ್ಕಿದ್ದನ್ನ ಹೇಳಿದ್ಳು. "ಒಳ್ಳೇದಾಯ್ತು ಬಿಡಮ್ಮ" ಅಂತ ನಕ್ಕರು. ಆಗ ನನಗೆ ಹೊಳೀತು. ಅವರಿಗೆ ಕೂಲಿ ಸಿಗೋದು ಮೂಟೆ ಲೆಕ್ಕದಲ್ಲಿ, ಎತ್ತಿದಷ್ಟು ಸಲಕ್ಕೆ. ನಾವು ಆ ಮಹಡಿ ಹಿಡಿದಿದ್ರೆ ಪ್ರತಿ ಮೂಟೆಗೂ ಅವರಿಗೆ ನಾಲ್ಕು ಸಲ ಕೂಲಿ ಬರ್ತಿತ್ತು. ಈಗ ಒಂದೇ ಸಲ. ತನಗೆ ನಷ್ಟ ಆಗೋ ಲೆಕ್ಕವನ್ನೇ ಅವರು ನಮಗೆ ಹೇಳಿಕೊಟ್ಟಿದ್ರು.

ಅಮ್ಮ ಈಗ ರಾತ್ರಿ ಕೆಮ್ಮದೆ ಮಲಗ್ತಾರೆ.