ಪ್ರೋಗ್ರಾಮೆಬಲ್ ಸ್ವಿಚ್ ಉಪಕರಣ: ವಿದ್ಯುತ್ ಅಳತೆಯಲ್ಲಿ ಅದನ್ನು ನಡೆಸುವ ಕ್ರಮ

ಒಂದೇ ಮೀಟರಿಗೆ ಹಲವು ಮಾದರಿಗಳನ್ನು, ಇಲ್ಲವೆ ಒಂದೇ ಮಾದರಿಯ ಹಲವು ತುದಿಗಳನ್ನು, ಮೊದಲೇ ಬರೆದಿಟ್ಟ ಆದೇಶದಂತೆ ಒಂದಾದ ಮೇಲೊಂದು ಜೋಡಿಸಿ ಬಿಡಿಸುವ ಉಪಕರಣ. ಪ್ರಯೋಗಾಲಯಗಳಲ್ಲಿ ಇದಕ್ಕೆ ಸ್ಕ್ಯಾನರ್ ಎಂಬ ಹೆಸರೂ ಇದೆ. ಇದು ತಾನಾಗಿ ಏನನ್ನೂ ಅಳೆಯುವುದಿಲ್ಲ. ಆದರೂ ಮಾದರಿಯಿಂದ ಮೀಟರಿಗೆ ಹೋಗುವ ಪ್ರತಿಯೊಂದು ಸಂಕೇತವೂ ಇದರ ಒಳಗಿನಿಂದಲೇ ಹಾಯುವುದರಿಂದ, ಅಂಕಿ ನಂಬಿಕೆಗೆ ಅರ್ಹವೇ ಎಂಬುದು ಇದನ್ನು ನಡೆಸುವ ಶಿಸ್ತಿನ ಮೇಲೆ ನಿಂತಿದೆ.

ಇಂಥ ಉಪಕರಣದ ಅಗತ್ಯ ಎಷ್ಟೆಂಬುದಕ್ಕೆ ಕಲಬುರಗಿಯ ಸಂಶೋಧನೆಯೇ ಒಳ್ಳೆಯ ಉದಾಹರಣೆ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಮೆಟೀರಿಯಲ್ಸ್ ಸೈನ್ಸ್ ವಿಭಾಗ ವಿದ್ಯುತ್ ಹರಿಸುವ ಪಾಲಿಮರ್‌ಗಳ ಅಧ್ಯಯನಕ್ಕೆ ಹೆಸರಾದದ್ದು. ಪಾಲಿಪೈರೋಲ್‌ಗೆ ಹಾರುಬೂದಿ ಬೆರೆಸಿದ ಮಿಶ್ರಣಗಳ ವಾಹಕತೆಯ ಬಗ್ಗೆ ಅಲ್ಲಿನ ಸಂಶೋಧಕರ ಪ್ರಬಂಧ 2005ರಲ್ಲಿ ‘ಬುಲೆಟಿನ್ ಆಫ್ ಮೆಟೀರಿಯಲ್ಸ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಬಗೆಯ ಕೆಲಸದಲ್ಲಿ ಮಿಶ್ರಣದ ಪ್ರಮಾಣವನ್ನು ಬದಲಿಸುತ್ತ, ಬೇರೆ ಬೇರೆ ಉಷ್ಣಾಂಶದಲ್ಲಿ ಅಳೆಯಬೇಕಾಗುತ್ತದೆ. ಐದು ಮಾದರಿಗಳನ್ನು 30ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಹತ್ತು ಹತ್ತು ಡಿಗ್ರಿಗೆ ಅಳೆದರೆ 90 ಅಳತೆ. ಕರೆಂಟಿನ ದಿಕ್ಕು ತಿರುಗಿಸಿ ಮತ್ತೆ ಅಳೆದರೆ 180. ಪ್ರತಿ ಸಲವೂ ಕೈಯಿಂದ ವೈರ್ ಬದಲಿಸುತ್ತ ಕೂತರೆ ದಿನ ಕಳೆಯುವುದಲ್ಲದೆ ಸಂಪರ್ಕವೂ ಸಡಿಲವಾಗುತ್ತದೆ.

ರಚನೆ ಸರಳ. ಪೆಟ್ಟಿಗೆಯ ಹಿಂಬದಿಯ ಸ್ಲಾಟ್‌ಗಳಿಗೆ ರಿಲೇ ಕಾರ್ಡ್‌ಗಳನ್ನು ಕೂಡಿಸುತ್ತಾರೆ. ಕೀತ್ಲಿ ಕಂಪನಿಯ 7001 ಮಾದರಿಯಲ್ಲಿ ಎರಡು ಸ್ಲಾಟ್‌ಗಳಿದ್ದು, ಜೋಡಿ ತಂತಿಯ 80 ಚಾನೆಲ್‌ಗಳವರೆಗೆ ಬಳಸಬಹುದು. ಕಾರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮಲ್ಟಿಪ್ಲೆಕ್ಸರ್ ಕಾರ್ಡ್ ಹಲವು ಮಾದರಿಗಳಲ್ಲಿ ಒಂದನ್ನು ಆರಿಸಿ ಮೀಟರಿಗೆ ಕೊಡುತ್ತದೆ. ಮ್ಯಾಟ್ರಿಕ್ಸ್ ಕಾರ್ಡಿನಲ್ಲಿ ಯಾವ ಸಾಲನ್ನಾದರೂ ಯಾವ ಕಂಬಕ್ಕಾದರೂ ಸೇರಿಸಬಹುದು. ನಾಲ್ಕು ಸಾಲು, ಹತ್ತು ಕಂಬಗಳ ಕಾರ್ಡಿನಲ್ಲಿ ಇಂಥ 40 ಕೂಡುಬಿಂದುಗಳಿರುತ್ತವೆ. 1958ರಲ್ಲಿ ಫಿಲಿಪ್ಸ್ ಸಂಶೋಧನಾಲಯದ ವಾನ್ ಡೆರ್ ಪಾವ್ ಪ್ರಕಟಿಸಿದ ನಾಲ್ಕು ಸಂಪರ್ಕಗಳ ವಿಧಾನಕ್ಕೆ ಈ ಕಾರ್ಡೇ ತಕ್ಕದ್ದು. ಅಲ್ಲಿ ಕರೆಂಟ್ ಕೊಡುವ ತುದಿ, ವೋಲ್ಟೇಜ್ ನೋಡುವ ತುದಿ ಎರಡೂ ಮಾದರಿಯ ಸುತ್ತ ಸರದಿಯಂತೆ ಬದಲಾಗಬೇಕು.

ಕಂಪ್ಯೂಟರಿನಿಂದ ಆದೇಶ ಹೋಗುವುದು ಸಾಮಾನ್ಯವಾಗಿ ಜಿಪಿಐಬಿ ಕೇಬಲ್ ಮೂಲಕ. 1975ರಲ್ಲಿ ಐಇಇಇ-488 ಎಂದು ಮಾನಕವಾದದ್ದು ಇದೇ. ಮೀಟರ್, ಸ್ವಿಚ್, ಕರೆಂಟ್ ಮೂಲ, ಪ್ರತಿಯೊಂದಕ್ಕೂ ಬೇರೆ ಬೇರೆ ವಿಳಾಸ ಸಂಖ್ಯೆ ಇರಬೇಕು. ಎರಡಕ್ಕೆ ಒಂದೇ ಸಂಖ್ಯೆ ಬಿದ್ದರೆ ಆದೇಶಗಳು ಗೋಜಲಾಗುತ್ತವೆ.

ಆದೇಶಗಳ ಕ್ರಮದಲ್ಲಿ ರಾಜಿ ಸಲ್ಲದು. ಮೊದಲು ಕರೆಂಟ್ ಮೂಲವನ್ನು ಆಫ್ ಮಾಡಿ ಎಲ್ಲ ರಿಲೇಗಳನ್ನು ತೆರೆಯಬೇಕು. ಅನಂತರ ಬೇಕಾದ ಚಾನೆಲ್ ಮುಚ್ಚಿ, ಆಮೇಲೆ ಕರೆಂಟ್ ಕೊಟ್ಟು, ಸ್ವಲ್ಪ ಕಾದು ಓದಬೇಕು. ಬಿಡಿಸುವಾಗಲೂ ಮೊದಲು ಕರೆಂಟ್ ಆರಬೇಕು. ಹೊರೆಯಿಲ್ಲದೆ ಹತ್ತು ಕೋಟಿ ಸಲ ಮುಚ್ಚಿ ತೆರೆಯಬಲ್ಲ ರಿಲೇ, ಪೂರ್ಣ ಹೊರೆಯಲ್ಲಿ ಒಂದು ಲಕ್ಷ ಸಲಕ್ಕೇ ಸವೆಯುತ್ತದೆ. ಅವಸರದ ಪ್ರೋಗ್ರಾಂ ಒಳ್ಳೆಯ ಕಾರ್ಡನ್ನು ತಿಂದುಹಾಕುವುದು ಹೀಗೆ. ಒಂದು ಚಾನೆಲ್ ತೆರೆದ ಮೇಲೆಯೇ ಇನ್ನೊಂದು ಮುಚ್ಚಬೇಕೆಂಬ ನಿಯಮವನ್ನೂ ಮೀರುವಂತಿಲ್ಲ. ಮೀರಿದರೆ ಎರಡು ಮಾದರಿಗಳು ಕ್ಷಣಕಾಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಎಷ್ಟು ಕಾಯಬೇಕೆಂಬುದು ಮಾದರಿಯನ್ನು ಅವಲಂಬಿಸಿದೆ. ಲೋಹಕ್ಕೆ ರಿಲೇ ನೆಲೆಗೊಳ್ಳುವ ಕೆಲವು ಮಿಲಿಸೆಕೆಂಡು ಸಾಕು. ಒಂದು ಗಿಗಾಓಮ್ ಪ್ರತಿರೋಧದ ಪಾಲಿಮರ್ ಬಿಲ್ಲೆಯನ್ನು 100 ಪಿಕೋಫ್ಯಾರಡ್ ಕೇಬಲಿಗೆ ಜೋಡಿಸಿದರೆ ಕಾಲಸ್ಥಿರಾಂಕ 0.1 ಸೆಕೆಂಡ್. ಅದರ ಐದರಷ್ಟು, ಅಂದರೆ ಅರ್ಧ ಸೆಕೆಂಡ್ ಕಾದ ಮೇಲೂ ಸುಮಾರು 0.7 ಶೇಕಡಾ ತಪ್ಪು ಉಳಿದಿರುತ್ತದೆ.

ಕಡಿಮೆ ಪ್ರತಿರೋಧದ ಮಾದರಿಗಳಿಗೆ ಕಾಟ ಕೊಡುವುದು ಶಾಖದಿಂದ ಹುಟ್ಟುವ ವೋಲ್ಟೇಜ್. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಏಸಿಯ ತಂಪುಗಾಳಿ ಕಾರ್ಡಿನ ಒಂದೇ ಬದಿಗೆ ಬಡಿದರೆ ಎರಡು ತುದಿಗಳ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸ ಬರುವುದು ಸಹಜ. ತಾಮ್ರಕ್ಕೆ ತಾಮ್ರ ಕೂಡಿದ ಶುದ್ಧ ಸಂಪರ್ಕದಲ್ಲಿ ಪ್ರತಿ ಡಿಗ್ರಿಗೆ 0.2 ಮೈಕ್ರೋವೋಲ್ಟಿಗಿಂತ ಹೆಚ್ಚು ಹುಟ್ಟುವುದಿಲ್ಲ. ತುದಿ ಕಿಲುಬು ಹಿಡಿದಿದ್ದರೆ ಅದು ಸುಮಾರು 1,000 ಮೈಕ್ರೋವೋಲ್ಟಿಗೆ ಏರುತ್ತದೆ. 0.01 ಓಮ್ ಮಾದರಿಗೆ ಒಂದು ಮಿಲಿಆಂಪಿಯರ್ ಕೊಟ್ಟಾಗ ಸಿಗುವ ನಿಜವಾದ ಸಂಕೇತ ಬರೀ 10 ಮೈಕ್ರೋವೋಲ್ಟ್. ಆದ್ದರಿಂದ ತುದಿಗಳನ್ನು ಉಜ್ಜಿ ಶುಚಿಗೊಳಿಸಿ, ಕರೆಂಟಿನ ಎರಡೂ ದಿಕ್ಕಿನಲ್ಲಿ ಅಳೆದು, ವ್ಯತ್ಯಾಸದ ಅರ್ಧವನ್ನು ತೆಗೆದುಕೊಳ್ಳಬೇಕು. ದಿಕ್ಕಿಗೆ ತಕ್ಕಂತೆ ಬದಲಾಗದ ವೋಲ್ಟೇಜ್ ಆಗ ಕಳೆದುಹೋಗುತ್ತದೆ.

ಅರ್ಥಿಂಗ್ ವಿಷಯವನ್ನು ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುವುದುಂಟು, ಈ ಸೀಮೆಯಲ್ಲಿ ಅದು ಸಾಲದು. ಶರಣಸಿರಸಗಿಯಂಥ ಕಲಬುರಗಿ ಸುತ್ತಲಿನ ಊರುಗಳ ಎರೆಭೂಮಿ ಮಳೆಗಾಲದಲ್ಲಿ ಒಳ್ಳೆಯ ವಾಹಕ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥ್ ಕಂಬಿಗೂ ಮಣ್ಣಿಗೂ ಸಂಪರ್ಕ ತಪ್ಪುತ್ತದೆ. ಅರ್ಥ್ ಗುಂಡಿಗೆ ನೀರು ಹಾಕುವುದು ಇಲ್ಲಿ ಅಳತೆಯ ಕೆಲಸದ ಭಾಗವೇ. ಎಲ್ಲ ಉಪಕರಣಗಳೂ ಒಂದೇ ಅರ್ಥ್ ಬಿಂದುವಿಗೆ ಸೇರಿರಬೇಕು.

ಮಾದರಿ ಜೋಡಿಸುವ ಮೊದಲು, ಬೆಲೆ ಗೊತ್ತಿರುವ ಒಂದೇ ರೆಸಿಸ್ಟರನ್ನು ಪ್ರತಿ ಚಾನೆಲಿನಲ್ಲೂ ಇಟ್ಟು ಓದಿ ಬರೆದುಕೊಳ್ಳಬೇಕು. ಯಾವ ಚಾನೆಲ್ ಬೇರೆ ಅಂಕಿ ತೋರಿಸುತ್ತದೋ ಅದನ್ನು ರಿಪೇರಿಯಾಗುವ ತನಕ ಬಳಸಬಾರದು.