ದಂಡಿನ ಮದ್ಯಪಾನವೂ ಗುಹ್ಯರೋಗಗಳೂ

ಮದ್ಯಪಾನಕ್ಕೂ ಗುಹ್ಯರೋಗಗಳಿಗೂ ನಂಟುಂಟೆಂಬುದು ಹೊಸ ಮಾತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಅಧಿಕಾರಿಗಳೂ ವೈದ್ಯರೂ ಅದನ್ನು ಬಲ್ಲವರಾಗಿದ್ದರು. ಆ ನಂಟನ್ನು ಅವರು ಹೇಗೆ ತಿಳಿದರು, ಅದರ ಹೊರೆಯನ್ನು ಯಾರ ಮೇಲೆ ಹೊರಿಸಿದರು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡೇ ಮೊದಲಾಗಿ ಎಲ್ಲ ದಂಡುಗಳಲ್ಲಿಯೂ ಬಿಳಿಯ ಸಿಪಾಯಿಯ ಬಾಳು ಬಹುಮಟ್ಟಿಗೆ ಒಂದೇ ತೆರನಾಗಿತ್ತು. ಮದುವೆಗೆ ಅಪ್ಪಣೆ ಕೆಲವರಿಗೆ ಮಾತ್ರ. ಬೇಸಗೆಯ ದೀರ್ಘವಾದ ಹಗಲನ್ನು ಬ್ಯಾರಕಿನೊಳಗೆ ಕೆಲಸವಿಲ್ಲದೆ ಕಳೆಯಬೇಕು. ಕ್ಯಾಂಟೀನಿನಲ್ಲಿ ಮದ್ಯ, ಅದು ಸಾಲದಿದ್ದರೆ ಬಜಾರಿನ ಸಾರಾಯಿ. ಸೈನ್ಯದ ಆರೋಗ್ಯವನ್ನು ಕುರಿತು 1863ರಲ್ಲಿ ವರದಿಯಿತ್ತ ರಾಯಲ್ ಆಯೋಗವು ಕುಡಿತ, ನಿರುದ್ಯೋಗ, ಗುಹ್ಯರೋಗ ಈ ಮೂರನ್ನೂ ಚರ್ಚಿಸಿತು.

ಆದರೆ ಕಾನೂನು ಹಿಡಿದ ದಾರಿ ಬೇರೆ. 1864ರ ದಂಡುಗಳ ಕಾಯಿದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳ ಮೇರೆಗೆ ವೇಶ್ಯೆಯರ ಹೆಸರುಗಳನ್ನು ದಾಖಲೆ ಮಾಡಿ, ಅವರನ್ನು ಪರೀಕ್ಷಿಸಿ, ರೋಗ ಕಂಡುಬಂದವರನ್ನು 'ಲಾಕ್' ಆಸ್ಪತ್ರೆಗಳಲ್ಲಿ ಇರಿಸಲಾಗುತ್ತಿತ್ತು. ಅವರ ಬಳಿಗೆ ಹೋಗುತ್ತಿದ್ದ ಸಿಪಾಯಿಗೆ ಇಂಥ ಕಟ್ಟುಪಾಡಿರಲಿಲ್ಲ. 1888ರಲ್ಲಿ ಬ್ರಿಟಿಷ್ ಕಾಮನ್ಸ್ ಸಭೆಯು ಈ ಪದ್ಧತಿಯನ್ನು ಖಂಡಿಸಿತು, ಕಾಯಿದೆ ರದ್ದಾಯಿತು. ಅದೇ ವರ್ಷ ಸೇನಾಧಿಪತಿ ರಾಬರ್ಟ್ಸನ ಆಶ್ರಯದಲ್ಲಿ ಸೈನ್ಯದ ಮದ್ಯವರ್ಜನ ಸಂಘವು ಹುಟ್ಟಿತು.

1895ರ ವೇಳೆಗೆ ಸಾವಿರ ಬಿಳಿಯ ಸಿಪಾಯಿಗಳಿಗೆ 500ಕ್ಕೂ ಮೇಲ್ಪಟ್ಟು ಆಸ್ಪತ್ರೆಯ ದಾಖಲೆಗಳು ಗುಹ್ಯರೋಗದವೇ ಆಗಿದ್ದುವು. ಕಾಯಿದೆಯ ಪಕ್ಷದವರು ಇದನ್ನೇ ತಮ್ಮ ವಾದಕ್ಕೆ ಆಧಾರ ಮಾಡಿಕೊಂಡರು. ಆದರೆ ಇವು ದಾಖಲೆಗಳ ಸಂಖ್ಯೆ, ರೋಗಿಗಳ ಸಂಖ್ಯೆಯಲ್ಲ. ಒಬ್ಬನೇ ಹಲವು ಬಾರಿ ದಾಖಲಾಗಿರಬಹುದೆಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಮದ್ಯವು ರೋಗಬೀಜವಲ್ಲ. ಪೂಯಮೇಹದ ರೋಗಾಣುವನ್ನು 1879ರಲ್ಲಿ ನೈಸರನೂ, ಉಪದಂಶದ ರೋಗಾಣುವನ್ನು 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ನರೂ ಕಂಡರು. ಮದ್ಯವು ವಿವೇಕವನ್ನು ಸಡಿಲಿಸಿ ಸೋಂಕಿಗೆ ಎಡೆಗೊಡುತ್ತದೆ, ನಿಜ. ಆದರೆ ಸಿಪಾಯಿಯನ್ನು ಕುಡಿತಕ್ಕೂ ವೇಶ್ಯಾಗೃಹಕ್ಕೂ ಎಳೆದುದು ಒಂದೇ ಒಂಟಿತನ, ಒಂದೇ ಬೇಸರ. ಜೊತೆಯಲ್ಲಿ ಕಾಣಿಸಿಕೊಂಡ ಎರಡರಲ್ಲಿ ಒಂದು ಕಾರಣ, ಇನ್ನೊಂದು ಕಾರ್ಯ ಎಂದು ತೀರ್ಮಾನಿಸುವ ಮುನ್ನ ಎರಡಕ್ಕೂ ಮೂಲವಾದ ಮೂರನೆಯದೊಂದನ್ನು ಹುಡುಕುವುದು ಇತಿಹಾಸಕಾರನ ಕರ್ತವ್ಯ. ಹಾಗೆ ಹುಡುಕದ ಕಾನೂನಿನ ದಂಡವನ್ನು ತೆತ್ತವರು ದಂಡಿನ ಬಜಾರಿನ ಬಡ ಹೆಂಗಸರು. ಅವರ ಮಾತು ಆ ಕಡತಗಳಲ್ಲಿ ಬಹು ವಿರಳವೆಂಬುದನ್ನು ನಾವು ಮರೆಯಲಾಗದು.