ಮೆಟಾ ಸ್ಥಾನದ ಆಯ್ಕೆಯಲ್ಲಿ ಬೆಳ್ಳಿಯ ಪಾತ್ರ: ಒಂದು ಟಿಪ್ಪಣಿ

1. ವ್ಯಾಪ್ತಿ

ಬೆಂಜೀನ್ ಉಂಗುರದ ದೂರದ ಕಾರ್ಬನ್–ಹೈಡ್ರೋಜನ್ ಬಂಧವನ್ನು ಪಲ್ಲಾಡಿಯಂ ವೇಗವರ್ಧಕದಿಂದ ಆಯ್ದು ಬದಲಿಸುವ ಒಂದೇ ಒಂದು ವಿಧಾನ ಈ ಟಿಪ್ಪಣಿಯ ವಿಷಯ. ಲಿಯೋ, ಲಿ, ಮೇ ಮತ್ತು ಯೂ ಅದನ್ನು 2012ರಲ್ಲಿ ‘ನೇಚರ್’ ಪತ್ರಿಕೆಯ 486ನೇ ಸಂಪುಟದಲ್ಲಿ (ಪುಟ 518ರಿಂದ) ಪ್ರಕಟಿಸಿದರು. ಮೆಟಾ ಆಯ್ಕೆಯ ಮೊದಲ ವರದಿ ಇದಲ್ಲ. ಫಿಪ್ಸ್ ಮತ್ತು ಗಾಂಟ್ ತಾಮ್ರ ಬಳಸಿ ಮೆಟಾ ಸ್ಥಾನಕ್ಕೆ ಅರೈಲ್ ಗುಂಪು ಸೇರಿಸಿದ್ದು 2009ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ. ಆ ಕ್ರಿಯೆಯ ಹಾದಿ ಬೇರೆ. ಇಲ್ಲಿ ಅದನ್ನು ಚರ್ಚಿಸಿಲ್ಲ.

2. ಎಣಿಕೆಯ ಬಗ್ಗೆ

ಒಂದೇ ಗುಂಪು ಸೇರಿದ ಬೆಂಜೀನ್ ಉಂಗುರದಲ್ಲಿ ಐದು ಹೈಡ್ರೋಜನ್‌ಗಳು ಉಳಿದಿರುತ್ತವೆ: ಆರ್ಥೊ ಎರಡು, ಮೆಟಾ ಎರಡು, ಪ್ಯಾರಾ ಒಂದು. ಯಾವ ಆಯ್ಕೆಯೂ ಇಲ್ಲದೆ ಕ್ರಿಯೆ ನಡೆದರೂ ಶೇ. 40ರಷ್ಟು ಮೆಟಾ ಉತ್ಪನ್ನ ಸಿಗಬೇಕು. ಮೆಟಾ ಪಾಲನ್ನು ಈ 40ರ ಎದುರಿಗಿಟ್ಟು ಓದುವುದು ಸೂಕ್ತ. ಸೊನ್ನೆಯಿಂದ ಅಳೆದರೆ ಆಯ್ಕೆ ಇದ್ದುದಕ್ಕಿಂತ ದೊಡ್ಡದಾಗಿ ಕಂಡೀತು. ಉಂಗುರದಲ್ಲಿ ಬೇರೆ ಗುಂಪುಗಳೂ ಇದ್ದಾಗ ‘ಮೆಟಾ’ ಎಂಬುದನ್ನು ಟೆಂಪ್ಲೇಟ್ (ಲೋಹವನ್ನು ದೂರದ ಬಂಧದ ಬಳಿಗೆ ಒಯ್ಯಲು ಉಂಗುರಕ್ಕೆ ಜೋಡಿಸಿದ ಭಾಗ) ಹೊತ್ತ ಕೊಂಡಿಯಿಂದಲೇ ಎಣಿಸಬೇಕು.

3. ನೈಟ್ರೈಲ್ ತುದಿ

ಸಾಮಾನ್ಯ ನಿರ್ದೇಶಕ ಗುಂಪು ಲೋಹವನ್ನು ಹಿಡಿದಾಗ ಐದು ಅಥವಾ ಆರು ಪರಮಾಣುಗಳ ಲೋಹ-ಉಂಗುರ ಉಂಟಾಗುತ್ತದೆ. ಲೋಹಕ್ಕೆ ಎಟಕುವುದು ಆರ್ಥೊ ಸ್ಥಾನ ಮಾತ್ರ. ಇಷ್ಟೇ ಚಿಕ್ಕ ಉಂಗುರವನ್ನು ಮೆಟಾವರೆಗೆ ಎಳೆದರೆ ಅದು ತೀರಾ ಬಿಗಿಯುತ್ತದೆ. 2012ರ ಟೆಂಪ್ಲೇಟಿನ ತುದಿಯಲ್ಲಿರುವುದು ನೈಟ್ರೈಲ್. ಅದರ ಕಾರ್ಬನ್, ನೈಟ್ರೋಜನ್ ಮತ್ತು ಹಿಂದಿನ ಕಾರ್ಬನ್ ಒಂದೇ ಸರಳರೇಖೆಯಲ್ಲಿವೆ. ನೈಟ್ರೋಜನ್ನಿನ ಒಂಟಿ ಎಲೆಕ್ಟ್ರಾನ್ ಜೋಡಿಯೂ ಅದೇ ರೇಖೆಯಲ್ಲಿ ಹೊರಮುಖವಾಗಿದೆ. ಹೀಗಾಗಿ ಲೋಹ ನೈಟ್ರೈಲಿನ ಪಕ್ಕಕ್ಕೆ ಬರದೆ ಅದರ ತುದಿಯಾಚೆ ಕೂರುತ್ತದೆ. ಆಗ ರೂಪುಗೊಳ್ಳುವುದು ಹತ್ತಕ್ಕೂ ಹೆಚ್ಚು ಪರಮಾಣುಗಳ ದೊಡ್ಡ ಉಂಗುರ.

4. ಬೆಳ್ಳಿ ಎಲ್ಲಿದೆ?

ವಿವರಣೆಗಳು ಬೇರೆಯಾಗುವುದು ಇಲ್ಲಿ. 2012ರ ಲೇಖನದಲ್ಲಿ ನೈಟ್ರೈಲ್ ಪಲ್ಲಾಡಿಯಂ ಅನ್ನು ಹಿಡಿಯುತ್ತದೆ. ಬೆಳ್ಳಿಯ ಲವಣಕ್ಕೆ ಉತ್ಕರ್ಷಣಕಾರಿಯ ಕೆಲಸ. 2014ರ ‘ಜರ್ನಲ್ ಆಫ್ ದಿ ಅಮೆರಿಕನ್ ಕೆಮಿಕಲ್ ಸೊಸೈಟಿ’ಯಲ್ಲಿ (ಸಂಪುಟ 136, ಪುಟ 344) ಯೂ, ವು ಮತ್ತು ಹೌಕ್ ಅವರ ಜಂಟಿ ತಂಡ ಟಾಲ್ವೀನ್ ವರ್ಗದ ಕ್ರಿಯಾಧಾರಗಳಿಗೆ ಗಣನೆ ನಡೆಸಿತು. ಪರೀಕ್ಷಿಸಿದ್ದು ನಾಲ್ಕು ಸಂಭಾವ್ಯ ರೂಪಗಳನ್ನು: ಪಲ್ಲಾಡಿಯಂ ಅಸಿಟೇಟಿನ ಒಂಟಿ ಅಣು, ಅದರ ಜೋಡಿ, ಅದರ ಮೂರರ ಗುಂಪು, ಮತ್ತು ಪಲ್ಲಾಡಿಯಂ–ಬೆಳ್ಳಿಯ ಮಿಶ್ರ ಜೋಡಿ. ಪ್ರಯೋಗದಲ್ಲಿ ಕಂಡ ಮೆಟಾ ಆಯ್ಕೆಗೆ ಹೊಂದಿದ್ದು ಮಿಶ್ರ ಜೋಡಿ. ಅದರಲ್ಲಿ ನೈಟ್ರೈಲಿಗೆ ಅಂಟಿರುವುದು ಬೆಳ್ಳಿ. ಪಲ್ಲಾಡಿಯಂ ಅದರಾಚೆ, ಮೆಟಾ ಬಂಧದ ಪಕ್ಕದಲ್ಲಿದೆ. ಅಂದರೆ ಟೆಂಪ್ಲೇಟಿನ ಅಳತೆಗೆ ಒಂದು ಬೆಳ್ಳಿ ಪರಮಾಣುವಿನ ಉದ್ದ ಸೇರುತ್ತದೆ. ಬಂಧ ಬಿಡಿಸುವ ಹಂತವೇ ಕ್ರಿಯೆಯ ವೇಗವನ್ನೂ ಸ್ಥಾನವನ್ನೂ ನಿರ್ಧರಿಸುತ್ತದೆ ಎಂಬುದೂ ಇದೇ ಗಣನೆಯ ಫಲಿತ.

ಅದೇ ಸಂಪುಟದ ಇನ್ನೊಂದು ಲೇಖನ (ಪುಟ 894) ಅಸೆಟೈಲ್ ಗ್ಲೈಸೀನ್‌ನಂಥ ಅಮೈನೊ ಆಮ್ಲ ಲಿಗ್ಯಾಂಡ್ ಇರುವ ಸ್ಥಿತಿಯನ್ನು ಗಣನೆ ಮತ್ತು ದ್ರವ್ಯರಾಶಿ ರೋಹಿತಮಾಪನ ಎರಡರಿಂದಲೂ ಪರಿಶೀಲಿಸಿತು. ಅಲ್ಲಿ ಲಿಗ್ಯಾಂಡ್ ಒಂಟಿ ಪಲ್ಲಾಡಿಯಂ ಸಂಕೀರ್ಣವನ್ನು ಸ್ಥಿರಗೊಳಿಸುತ್ತದೆ, ಬಂಧ ಬಿಡುವಾಗ ಪ್ರೋಟಾನನ್ನೂ ತಾನೇ ಸ್ವೀಕರಿಸುತ್ತದೆ.

ಮೇಲ್ನೋಟಕ್ಕೆ ವಿರೋಧವೆನಿಸಿದರೂ, ಎರಡು ಲೇಖನಗಳ ಪ್ರಯೋಗಸ್ಥಿತಿಗಳು ಒಂದಲ್ಲ: ಮೊದಲನೆಯದರಲ್ಲಿ ಈ ಲಿಗ್ಯಾಂಡ್ ಇಲ್ಲ, ಎರಡನೆಯದರಲ್ಲಿ ಇದೆ. ಒಂದು ಇನ್ನೊಂದನ್ನು ತಳ್ಳಿಹಾಕುತ್ತದೆ ಎನ್ನಲು ಆಧಾರ ಸಾಲದು. ಆದರೆ ‘ನೈಟ್ರೈಲ್ ಪಲ್ಲಾಡಿಯಂ ಅನ್ನು ಹಿಡಿಯುತ್ತದೆ’ ಎಂಬ ಮಾತನ್ನು ಲಿಗ್ಯಾಂಡ್ ಇಲ್ಲದ ಸ್ಥಿತಿಗೂ ಷರತ್ತಿಲ್ಲದೆ ಅನ್ವಯಿಸುವುದು, ನನ್ನ ಮಟ್ಟಿಗೆ, ತಪ್ಪು. ಮೆಟಾ ಆಯ್ಕೆ ಪ್ರಯೋಗದಲ್ಲಿ ಅಳೆದ ಸಂಗತಿ. ಬೆಳ್ಳಿಯ ಸ್ಥಾನ ಗಣನೆಯಿಂದ ಬಂದ ತೀರ್ಮಾನ. ಎರಡನ್ನೂ ಒಂದೇ ವಾಕ್ಯದಲ್ಲಿ ಸಮಾನ ಖಚಿತತೆಯಿಂದ ಬರೆಯುವಂತಿಲ್ಲ.

5. ಪ್ಯಾರಾ

ಬಾಂಬೆ ಐಐಟಿಯಲ್ಲಿ ದೇಬಬ್ರತ ಮೈತಿ ಅವರ ತಂಡ 2015ರಲ್ಲಿ ‘ಡಿ’ ಅಕ್ಷರದ ಆಕಾರದ ಟೆಂಪ್ಲೇಟಿನಿಂದ ಪ್ಯಾರಾ ಸ್ಥಾನವನ್ನು ತಲುಪಿತು. ವಿಭಾಗ 2ರ ಎಣಿಕೆಯಂತೆ ಅಲ್ಲಿ ಹೋಲಿಕೆಯ ಅಂಕಿ 40 ಅಲ್ಲ, 20. ಹಾಗಾಗಿ ಎರಡೂ ವಿಧಾನಗಳ ಶೇಕಡಾವಾರು ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕದಲ್ಲಿ ಇಡುವಾಗ ಈ ವ್ಯತ್ಯಾಸವನ್ನು ಶೀರ್ಷಿಕೆಯಲ್ಲೇ ನಮೂದಿಸಬೇಕಾಗುತ್ತದೆ.